ಲೆಕ್ಕಕ್ಕುಂಟು, ಆಟಕ್ಕಿಲ್ಲ: ಹಿರಿಯ ಹುದ್ದೆಗಳಿಗೆ ವೈವಿಧ್ಯ ತರುವ ಸಲಹಾ ಸೇವೆಯೊಂದರ ವಿಮರ್ಶೆ

ನಮ್ಮದು ಲೆಕ್ಕಪರಿಶೋಧನೆ ಮತ್ತು ವ್ಯವಹಾರ ಸಲಹೆಯ ಮಧ್ಯಮ ಗಾತ್ರದ ಸಂಸ್ಥೆ. ಕೆಳಗಿನ ಹಂತದಲ್ಲಿ ಎಲ್ಲ ಹಿನ್ನೆಲೆಯ ಜನರೂ ಇದ್ದಾರೆ. ಮೇಲೆ ಪಾಲುದಾರರ ಸಭೆಗೆ ಹೋಗಿ ಕುಳಿತರೆ ಮಾತ್ರ ಒಂದೇ ಮನೆತನದವರೆಲ್ಲ ಸೇರಿದ ಹಾಗೆ ಕಾಣುತ್ತದೆ. ಬಡ್ತಿ ಸಮಿತಿಯ ಸದಸ್ಯನಾಗಿ ಆರು ವರ್ಷಗಳಿಂದ ಈ ವ್ಯತ್ಯಾಸವನ್ನು ನೋಡುತ್ತಲೇ ಬಂದಿದ್ದ ನನಗೆ, ಇದನ್ನು ಸರಿಪಡಿಸಲು ಹೊರಗಿನವರ ನೆರವು ಪಡೆಯೋಣ ಎಂದು ಆಡಳಿತ ಮಂಡಳಿ ತೀರ್ಮಾನಿಸಿದಾಗ ಸಮಾಧಾನವೂ ಆಯಿತು, ಒಳಗೊಳಗೇ ಅನುಮಾನವೂ ಹುಟ್ಟಿತು. ಹದಿನೆಂಟು ತಿಂಗಳು ಆ ಸೇವೆಯನ್ನು ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಸೇವೆ ಕೊಟ್ಟವರ ಹೆಸರು ಹೇಳುವುದಿಲ್ಲ. ಈ ಕ್ಷೇತ್ರದಲ್ಲಿ ಮಾರಾಟವಾಗುವ ಪ್ಯಾಕೇಜುಗಳು ಬಹುಮಟ್ಟಿಗೆ ಒಂದೇ ಅಚ್ಚಿನವಾದ್ದರಿಂದ, ಇಂಥದ್ದೊಂದನ್ನು ಕೊಳ್ಳಲು ಹೊರಟವರಿಗೆ ಹೆಸರಿಗಿಂತ ಒಳಗಿನ ಹೂರಣ ತಿಳಿಯುವುದೇ ಹೆಚ್ಚು ಉಪಯುಕ್ತ.

ಪ್ಯಾಕೇಜಿನಲ್ಲಿ ಐದು ಭಾಗಗಳಿದ್ದವು: ಸಂಸ್ಥೆಯ ಅಂಕಿಅಂಶಗಳ ಪರಿಶೀಲನೆ, ಸಿಬ್ಬಂದಿಯ ಅಭಿಪ್ರಾಯ ಸಮೀಕ್ಷೆ, ಪೂರ್ವಗ್ರಹದ ಬಗ್ಗೆ ಅರ್ಧ ದಿನದ ತರಬೇತಿ, ಹಿರಿಯ ಹುದ್ದೆಗಳಿಗೆ ಅಭ್ಯರ್ಥಿಗಳ ಶಾರ್ಟ್‌ಲಿಸ್ಟ್ ಸಿದ್ಧಪಡಿಸಿಕೊಡುವುದು ಮತ್ತು ಆಯ್ದ ಕೆಲವರಿಗೆ ಹಿರಿಯರ ಬೆಂಬಲ ಒದಗಿಸುವ ಕಾರ್ಯಕ್ರಮ. ಇವೆಲ್ಲದರ ಮೇಲೆ ಬಣ್ಣಬಣ್ಣದ ಒಂದು ಡ್ಯಾಶ್‌ಬೋರ್ಡ್. ಅಲ್ಪಸಂಖ್ಯಾತರು ಎಂಬ ಮಾತನ್ನು ಅವರು ಧರ್ಮಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ; ಜನಾಂಗ, ಹುಟ್ಟಿನ ಹಿನ್ನೆಲೆ, ಲಿಂಗ, ಅಂಗವೈಕಲ್ಯ, ಹೀಗೆ ಯಾವ ಕಾರಣಕ್ಕಾದರೂ ಒಂದು ಹಂತದಲ್ಲಿ ಎಣಿಕೆಗೆ ಕಡಿಮೆ ಬೀಳುವವರನ್ನೆಲ್ಲ ಆ ಪದದೊಳಗೆ ತಂದರು. ನಾನೂ ಇಲ್ಲಿ ಅದೇ ಅರ್ಥದಲ್ಲಿ ಬಳಸುತ್ತೇನೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಅಂಕಿಅಂಶಗಳ ಪರಿಶೀಲನೆ ಈ ಸೇವೆಯ ಅತ್ಯುತ್ತಮ ಭಾಗ. ಕರಪತ್ರದಲ್ಲಿ ಅದಕ್ಕೆ ಸಿಕ್ಕಿದ್ದು ಎರಡೇ ಸಾಲು ಎಂಬುದು ಬೇರೆ ಮಾತು. ಬಂದ ಇಬ್ಬರು ವಿಶ್ಲೇಷಕರಲ್ಲಿ ಹಿರಿಯರಾದ ಮಹಿಳೆ ಮೊದಲ ದಿನವೇ ಒಂದು ವಿಚಿತ್ರ ಬೇಡಿಕೆ ಇಟ್ಟರು. ಯಾವ ಹಂತದಲ್ಲಿ ಎಷ್ಟು ಜನ ಇದ್ದಾರೆ ಎಂಬ ಪಟ್ಟಿಯನ್ನು ನಾವು ಹೆಮ್ಮೆಯಿಂದ ಮುಂದಿಟ್ಟಾಗ, ಅವರು ಅದನ್ನು ಪಕ್ಕಕ್ಕೆ ಸರಿಸಿ, ಕಳೆದ ಮೂರು ವರ್ಷಗಳಲ್ಲಿ ಬಂದ ದೊಡ್ಡ ಕ್ಲೈಂಟ್‌ಗಳ ಕೆಲಸವನ್ನು ಯಾರಿಗೆ ಯಾವಾಗ ವಹಿಸಿದಿರಿ, ವಹಿಸುವ ನಿರ್ಧಾರವನ್ನು ಯಾರು ಮಾಡಿದರು ಎಂಬ ಪಟ್ಟಿ ಕೊಡಿ ಎಂದರು. ಅಂಥ ಪಟ್ಟಿ ನಮ್ಮಲ್ಲಿ ಇರಲೇ ಇಲ್ಲ. ಬಿಲ್ಲುಗಳು, ಇಮೇಲ್‌ಗಳು, ಟೈಮ್‌ಶೀಟ್‌ಗಳಿಂದ ಹೆಕ್ಕಿ ಹೆಕ್ಕಿ ಅದನ್ನು ಕಟ್ಟಲು ಐದು ವಾರ ಹಿಡಿಯಿತು.

ಕಟ್ಟಿದ ಮೇಲೆ ಕಂಡದ್ದು ಸರಳವಾಗಿತ್ತು. ಪಾಲುದಾರರಾಗಲು ನಾವು ಕೇಳುವ ಅರ್ಹತೆಗಳಲ್ಲಿ ಮುಖ್ಯವಾದದ್ದು ದೊಡ್ಡ ಕ್ಲೈಂಟ್‌ನ ಕೆಲಸವನ್ನು ಸ್ವತಂತ್ರವಾಗಿ ನಿಭಾಯಿಸಿದ ಅನುಭವ. ಆ ಕೆಲಸಗಳನ್ನು ಹಂಚುವುದಕ್ಕೆ ಅರ್ಜಿಯಿಲ್ಲ, ಸಂದರ್ಶನವಿಲ್ಲ, ಸಮಿತಿಯೂ ಇಲ್ಲ. ಸಂಜೆ ಹೊರಡುವ ಹೊತ್ತಿಗೆ ಲಿಫ್ಟಿನ ಮುಂದೆ ನಿಂತು ಒಬ್ಬ ಪಾಲುದಾರರು ಇನ್ನೊಬ್ಬರಿಗೆ "ನಮ್ಮ ಹುಡುಗನೊಬ್ಬ ಇದ್ದಾನೆ, ಅವನಿಗೆ ಕೊಡೋಣ" ಎನ್ನುತ್ತಾರೆ. ಕೆಲಸ ಅಲ್ಲಿಗೆ ಹಂಚಿಹೋಗಿರುತ್ತದೆ. ಐದು ವರ್ಷಗಳ ನಂತರ ಬಡ್ತಿ ಸಮಿತಿಯಲ್ಲಿ ಕುಳಿತ ನಾವು, ಆ ಹುಡುಗನ ಕಡತದಲ್ಲಿ ಅನುಭವವಿದೆ, ಉಳಿದವರ ಕಡತದಲ್ಲಿ ಇಲ್ಲ ಎಂದು ಪ್ರಾಮಾಣಿಕವಾಗಿಯೇ ಬರೆಯುತ್ತೇವೆ. ಸಮಿತಿಯಲ್ಲಿ ಯಾರೂ ಪಕ್ಷಪಾತ ಮಾಡಿರುವುದಿಲ್ಲ, ಆದರೂ ಫಲಿತಾಂಶ ಪ್ರತಿ ವರ್ಷ ಅದೇ ಇರುತ್ತದೆ. ಆರು ವರ್ಷ ನಾನು ಸಹಿ ಹಾಕಿದ ಕಾಗದಗಳ ಅರ್ಥ ನನಗೆ ಆ ಎಕ್ಸೆಲ್ ಶೀಟ್ ಮುಂದೆ ತಿಳಿಯಿತು ಎಂದು ಒಪ್ಪಿಕೊಳ್ಳಬೇಕು.

ಅದೇ ಪರಿಶೀಲನೆಯಲ್ಲಿ ಅವರು ಬಡ್ತಿ ಕಡತಗಳ ಷರಾಗಳನ್ನೂ ಓದಿದರು. "ಇನ್ನೂ ಸ್ವಲ್ಪ ಪಕ್ವವಾಗಬೇಕು" ಎಂಬ ಒಂದೇ ವಾಕ್ಯ ನಾಲ್ಕು ಬೇರೆ ಬೇರೆ ವ್ಯಕ್ತಿಗಳ ಕಡತದಲ್ಲಿ, ನಾಲ್ಕು ಬೇರೆ ಬೇರೆ ಕೈಬರಹಗಳಲ್ಲಿ ಇತ್ತು. ಅವುಗಳಲ್ಲಿ ಒಂದು ನನ್ನದೇ ಕೈಬರಹ. ಆ ವ್ಯಕ್ತಿ ಯಾವ ವಿಷಯದಲ್ಲಿ ಪಕ್ವವಾಗಬೇಕಿತ್ತು ಎಂದು ವಿಶ್ಲೇಷಕರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಆಕೆಗೆ ಆಗ ಹದಿನಾಲ್ಕು ವರ್ಷಗಳ ಅನುಭವವಿತ್ತು. ಅದೇ ವರ್ಷ ಬಡ್ತಿ ಪಡೆದ ಇನ್ನೊಬ್ಬರಿಗೆ ಇದ್ದದ್ದು ಹನ್ನೊಂದು.

ಈ ಷರಾಗಳ ವಿಷಯದಲ್ಲಿ ನಮ್ಮ ವೃತ್ತಿಗೆ ಹಳೆಯ ಚರಿತ್ರೆಯೇ ಇದೆ. ಅಮೆರಿಕದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರಿಕೆಗೆ ಹೆಸರಿಸಲಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಆಗ ಅಲ್ಲಿದ್ದ 662 ಪಾಲುದಾರರಲ್ಲಿ ಮಹಿಳೆಯರು ಏಳು ಜನ. ಸಂಸ್ಥೆಗೆ ದೊಡ್ಡ ಸರ್ಕಾರಿ ಗುತ್ತಿಗೆ ದೊರಕಿಸುವಲ್ಲಿ ಮುಖ್ಯ ಪಾತ್ರ ವಹಿಸಿದ್ದ ಅವರ ಬಗ್ಗೆ ಬಂದ ಲಿಖಿತ ಅಭಿಪ್ರಾಯಗಳಲ್ಲಿ ಗಂಡಸಿನಂತೆ ವರ್ತಿಸುತ್ತಾರೆ ಎಂಬ ಆಕ್ಷೇಪವಿತ್ತು. ನಯನಾಜೂಕು ಕಲಿಸುವ ಶಾಲೆಗೆ ಹೋಗಿ ಬರಲಿ ಎಂಬ ಸಲಹೆಯಿತ್ತು. ನಿರ್ಧಾರ ಮುಂದೂಡಲ್ಪಟ್ಟಾಗ, ಹೆಣ್ಣಿಗೆ ಒಪ್ಪುವಂತೆ ನಡೆಯಬೇಕು, ಮಾತಾಡಬೇಕು, ಉಡಬೇಕು, ಒಡವೆ ಹಾಕಿಕೊಳ್ಳಬೇಕು ಎಂಬ ಬುದ್ಧಿಮಾತೂ ಸಿಕ್ಕಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಹೆಣ್ಣು ಹೀಗೇ ಇರಬೇಕೆಂಬ ಇಂಥ ಸಿದ್ಧ ಅಚ್ಚಿನ ನಿರೀಕ್ಷೆಗಳ ಮೇಲೆ ಬಡ್ತಿ ನಿರಾಕರಿಸುವುದೂ ತಾರತಮ್ಯವೇ ಎಂಬ ತೀರ್ಪು 1989ರಲ್ಲಿ ಬಂತು; ನ್ಯಾಯಾಲಯದ ಆದೇಶದ ಮೇರೆಗೆ ಅವರು ಕೊನೆಗೆ ಪಾಲುದಾರರೂ ಆದರು. ಇಂದು ಯಾರೂ ಹಾಗೆ ಬರೆಯುವುದಿಲ್ಲ. "ಪಕ್ವವಾಗಬೇಕು", "ತಂಡಕ್ಕೆ ಹೊಂದುತ್ತಾರೋ ಇಲ್ಲವೋ", "ಗಾಂಭೀರ್ಯ ಸಾಲದು" ಎಂದು ಬರೆಯುತ್ತೇವೆ. ಮಾತು ಸಭ್ಯವಾಗಿದೆ, ಕೆಲಸ ಹಳೆಯದೇ ಮಾಡುತ್ತಿದೆ.

ಇಷ್ಟು ಚೆನ್ನಾಗಿ ಶುರು ಮಾಡಿದವರು ಸಮೀಕ್ಷೆಯಲ್ಲಿ ಎಡವಿದ್ದು ಆಶ್ಚರ್ಯ. ಸಿಬ್ಬಂದಿಗೆ ಕಳುಹಿಸಿದ ಪ್ರಶ್ನಾವಳಿಯ ಮೇಲೆ, ಉತ್ತರಿಸಿದವರ ಗುರುತು ಗೋಪ್ಯವಾಗಿರುತ್ತದೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ವರದಿ ಬಂದಾಗ ನೋಡಿದರೆ ಉತ್ತರಗಳನ್ನು ವಿಭಾಗ, ಹಂತ, ಹಿನ್ನೆಲೆ ಎಂಬ ಮೂರು ಕಾಲಂಗಳಲ್ಲಿ ಬಿಡಿಸಿ ಕೊಟ್ಟಿದ್ದರು. ತೆರಿಗೆ ವಿಭಾಗದ ಸೀನಿಯರ್ ಮ್ಯಾನೇಜರ್ ಹಂತದಲ್ಲಿ ಅಲ್ಪಸಂಖ್ಯಾತ ಹಿನ್ನೆಲೆಯವರು ಇರುವುದೇ ಒಬ್ಬರು. "ಸಭೆಯಲ್ಲಿ ನಾನು ಹೇಳಿದ್ದನ್ನು ಹತ್ತು ನಿಮಿಷದ ನಂತರ ಬೇರೊಬ್ಬರು ಹೇಳಿದರೆ ಮಾತ್ರ ಅದು ಸಲಹೆ ಅನಿಸಿಕೊಳ್ಳುತ್ತದೆ" ಎಂಬ ಸಾಲು ಯಾರದ್ದು ಎಂದು ಓದಿದವರೆಲ್ಲರಿಗೂ ತಕ್ಷಣ ತಿಳಿಯಿತು. ವರದಿಯನ್ನು ಅದೇ ಮಧ್ಯಾಹ್ನ ಹಿಂಪಡೆದರು, ಕ್ಷಮೆಯನ್ನೂ ಕೇಳಿದರು. ಆದರೆ ಎಣಿಕೆಯಲ್ಲಿ ಕಡಿಮೆ ಇರುವವರ ಬಗ್ಗೆಯೇ ಕೆಲಸ ಮಾಡುವವರಿಗೆ, ಎಣಿಕೆ ಕಡಿಮೆ ಇದ್ದಲ್ಲಿ ಗೋಪ್ಯತೆ ನಿಲ್ಲುವುದಿಲ್ಲ ಎಂಬುದು ಮೊದಲೇ ಹೊಳೆಯಬೇಕಿತ್ತು. ಒಂದು ಗುಂಪಿನಲ್ಲಿ ಉತ್ತರಿಸಿದವರು ತೀರ ಕಡಿಮೆಯಿದ್ದರೆ ಅವರ ಉತ್ತರಗಳನ್ನು ಬೇರ್ಪಡಿಸಿ ತೋರಿಸಬಾರದು ಎಂಬುದು ಸಮೀಕ್ಷೆ ನಡೆಸುವವರಿಗೆಲ್ಲ ಗೊತ್ತಿರುವ ಎಚ್ಚರಿಕೆ. ಕೊಳ್ಳುವವರು ಸಹಿ ಹಾಕುವ ಮೊದಲು, ಎಷ್ಟು ಜನರಿಗಿಂತ ಕಡಿಮೆಯಿದ್ದರೆ ತೋರಿಸುವುದಿಲ್ಲ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ನಡೆದದ್ದೇ ಹಾಗೆ. ಅರ್ಧ ದಿನ, ಎಲ್ಲ ಹಿರಿಯರಿಗೂ ಕಡ್ಡಾಯ. ಕಂಪ್ಯೂಟರಿನಲ್ಲಿ ಮುಖ ಮತ್ತು ಪದಗಳನ್ನು ಬೇಗ ಬೇಗ ಜೋಡಿಸುವ, 1998ರಲ್ಲಿ ಮನೋವಿಜ್ಞಾನಿಗಳು ಮೊದಲು ಪ್ರಕಟಿಸಿದ ಸುಪ್ತ ಪೂರ್ವಗ್ರಹದ ಪರೀಕ್ಷೆ ಮಾಡಿಸಿದರು. ನನ್ನ ಎಡಗಡೆ ಕುಳಿತಿದ್ದ ಪಾಲುದಾರರು ಅದರಲ್ಲಿ ಬಂದ ಫಲಿತಾಂಶವನ್ನು ನೋಡಿ, "ಎಲ್ಲರಿಗೂ ಇರುವಂಥದ್ದೇ ಅಂತಾಯಿತಲ್ಲ, ಬಿಡಿ" ಎಂದು ನಿರಾಳವಾಗಿ ಫೋನ್ ಕೈಗೆತ್ತಿಕೊಂಡರು. ಎಚ್ಚರಿಸಬೇಕಾದ ಸಂಗತಿ ಅವರಿಗೆ ಕ್ಷಮಾಪತ್ರವಾಗಿ ಸಿಕ್ಕಿತ್ತು.

ಇದು ನಮ್ಮ ಅನುಭವ ಮಾತ್ರವಲ್ಲ. ಸಮಾಜಶಾಸ್ತ್ರಜ್ಞರಾದ ಅಲೆಕ್ಸಾಂಡ್ರಾ ಕಾಲೆವ್, ಫ್ರಾಂಕ್ ಡಾಬಿನ್ ಮತ್ತು ಎರಿನ್ ಕೆಲ್ಲಿ ಅಮೆರಿಕದ 708 ಖಾಸಗಿ ಉದ್ಯೋಗಸ್ಥಳಗಳ ಮೂರು ದಶಕಗಳ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯಾನೇಜರ್ ಹಂತದಲ್ಲಿ ವೈವಿಧ್ಯ ಹೆಚ್ಚಿಸುವುದರಲ್ಲಿ ತೀರ ಹಿಂದೆ ಬಿದ್ದದ್ದು ತರಬೇತಿಯೇ. ಫಲಿತಾಂಶಕ್ಕೆ ಇಂಥವರೇ ಹೊಣೆ ಎಂದು ನಿಗದಿಪಡಿಸಿದ ಕಡೆಗಳಲ್ಲಿ ಬದಲಾವಣೆ ಎಲ್ಲಕ್ಕಿಂತ ವ್ಯಾಪಕವಾಗಿ ಕಂಡಿತ್ತು. ಆದರೂ ಕೊಳ್ಳುವವರು ಕೊಳ್ಳುತ್ತಲೇ ಇರುವುದು ತರಬೇತಿಯನ್ನೇ. 2018ರ ಮೇ 29ರಂದು ಕಾಫಿ ಮಳಿಗೆಗಳ ಕಂಪನಿ ಸ್ಟಾರ್‌ಬಕ್ಸ್ ಅಮೆರಿಕದಲ್ಲಿ ತನ್ನ ಎಂಟು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಒಂದು ಮಧ್ಯಾಹ್ನ ಮುಚ್ಚಿ ಸುಮಾರು 1,75,000 ನೌಕರರಿಗೆ ಪೂರ್ವಗ್ರಹದ ತರಬೇತಿ ಕೊಟ್ಟಿತು. ತರಬೇತಿಗೆ ದಿನಾಂಕವಿರುತ್ತದೆ, ಹಾಜರಿ ಇರುತ್ತದೆ, ಫೋಟೊ ಇರುತ್ತದೆ. ಹೊಣೆಗಾರಿಕೆಗೆ ಇವು ಯಾವುವೂ ಇರುವುದಿಲ್ಲ. ಸಲಹೆಗಾರರಿಗೂ ಇದು ತಿಳಿದಿತ್ತು. ಹಾಗಿದ್ದರೆ ಪ್ಯಾಕೇಜಿನಲ್ಲಿ ಇದನ್ನು ಯಾಕೆ ಇಟ್ಟಿದ್ದೀರಿ ಎಂದು ಕೇಳಿದ್ದಕ್ಕೆ, "ಇದಿಲ್ಲದಿದ್ದರೆ ಉಳಿದದ್ದನ್ನು ಯಾರೂ ಕೊಳ್ಳುವುದಿಲ್ಲ ಸರ್" ಎಂದರು. ಆ ಪ್ರಾಮಾಣಿಕತೆಗೆ ಒಂದು ಅಂಕ ಹೆಚ್ಚು ಕೊಡಬಹುದು.

ಇನ್ನು ಶಾರ್ಟ್‌ಲಿಸ್ಟ್. ಹೆಚ್ಚಿನ ಸಂಸ್ಥೆಗಳು ಇಂಥ ಸೇವೆಗೆ ಹಣ ಕೊಡುವುದು ಇದಕ್ಕಾಗಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರತಿಯೊಂದು ಹಿರಿಯ ಹುದ್ದೆಗೂ ಸಂದರ್ಶಿಸುವವರಲ್ಲಿ ಅಲ್ಪಸಂಖ್ಯಾತ ಹಿನ್ನೆಲೆಯ ಒಬ್ಬರಾದರೂ ಇರಬೇಕು ಎಂಬ ನಿಯಮವನ್ನು ಅವರು ನಮ್ಮಲ್ಲಿ ಜಾರಿಗೆ ತಂದರು. ಈ ನಿಯಮದ ಮೂಲ ಅಮೆರಿಕನ್ ಫುಟ್‌ಬಾಲ್. ಅಲ್ಲಿನ ಲೀಗ್ 2003ರಲ್ಲಿ, ಮುಖ್ಯ ಕೋಚ್ ಹುದ್ದೆಗೆ ಅಲ್ಪಸಂಖ್ಯಾತ ಅಭ್ಯರ್ಥಿ ಒಬ್ಬರನ್ನಾದರೂ ಸಂದರ್ಶಿಸದೆ ನೇಮಕ ಮಾಡುವಂತಿಲ್ಲ ಎಂದು ತಂಡಗಳಿಗೆ ವಿಧಿಸಿತು. ಪಿಟ್ಸ್‌ಬರ್ಗ್ ತಂಡದ ಮಾಲೀಕ ಡ್ಯಾನ್ ರೂನಿ ಅವರ ಹೆಸರಿನಿಂದ ಅದು ರೂನಿ ನಿಯಮ ಎನಿಸಿಕೊಂಡಿತು. ಆಮೇಲೆ ಕಂಪನಿಗಳೂ ಕಾನೂನು ಸಂಸ್ಥೆಗಳೂ ಅದನ್ನು ತಮಗೆ ಬೇಕಾದಂತೆ ಕತ್ತರಿಸಿ ಹೊಲಿದುಕೊಂಡವು.

ನಮ್ಮಲ್ಲಿ ಮೊದಲ ಹುದ್ದೆ ಖಾಲಿಯಾದದ್ದು ಅಪಾಯ ನಿರ್ವಹಣಾ ವಿಭಾಗದ ಮುಖ್ಯಸ್ಥರದ್ದು. ನಾಲ್ವರ ಪಟ್ಟಿ ಬಂತು; ನಿಯಮದಂತೆ ಒಬ್ಬರಿದ್ದರು. ಸಂದರ್ಶನದ ದಿನ ಅವರಿಗೆ ಕೊಟ್ಟ ಸಮಯ ಕೊನೆಯದ್ದು. ಉಳಿದ ಮೂವರಿಗೆ ತಲಾ ಒಂದು ಗಂಟೆ ಹಿಡಿದಿತ್ತು, ಇವರ ಸರದಿಗೆ ಪ್ಯಾನೆಲ್‌ನ ಇಬ್ಬರು ಇನ್ನೊಂದು ಸಭೆಗೆ ಹೊರಡುವ ಆತುರದಲ್ಲಿದ್ದರು. ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದೆವು. ಎದ್ದು ನಿಂತ ಅಭ್ಯರ್ಥಿ ತಮ್ಮ ಕಡತ ಜೋಡಿಸಿಕೊಳ್ಳುತ್ತ, ಸಿಟ್ಟಿಲ್ಲದ ದನಿಯಲ್ಲಿ, "ನನ್ನನ್ನು ಕರೆದದ್ದು ಹುದ್ದೆಗೋ, ಪಟ್ಟಿಗೋ?" ಎಂದು ಕೇಳಿದರು. ನಾವು ಐವರೂ ಏನೋ ಸಮಜಾಯಿಷಿ ಹೇಳಿದೆವು. ಏನು ಹೇಳಿದೆವು ಎಂಬುದು ನನಗೆ ನೆನಪಿಲ್ಲ; ಅವರ ಪ್ರಶ್ನೆ ನೆನಪಿದೆ. ಲೆಕ್ಕಕ್ಕುಂಟು, ಆಟಕ್ಕಿಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ.

ಮೂಲ ನಿಯಮಕ್ಕೂ ಇದೇ ಗತಿ ಬಂದಿದೆ ಎಂಬುದು ಬ್ರಯನ್ ಫ್ಲೋರೆಸ್ ಎಂಬ ಕೋಚ್ 2022ರ ಫೆಬ್ರುವರಿಯಲ್ಲಿ ಹೂಡಿದ ದಾವೆಯ ತಿರುಳು. ನ್ಯೂಯಾರ್ಕ್ ಜೈಂಟ್ಸ್ ತಂಡದ ಸಂದರ್ಶನಕ್ಕೆ ತಾವು ಹೋಗುವ ಕೆಲ ದಿನ ಮೊದಲೇ, ಹುದ್ದೆ ನಿಮ್ಮದಾಯಿತೆಂದು ಅಭಿನಂದಿಸುವ ಸಂದೇಶ ಬೇರೆ ತಂಡದ ಕೋಚ್ ಒಬ್ಬರಿಂದ ತಮ್ಮ ಫೋನಿಗೆ ಬಂತು, ಅದು ಬ್ರಯನ್ ಎಂಬ ಹೆಸರಿನ ಇನ್ನೊಬ್ಬರಿಗೆ ಹೋಗಬೇಕಾದದ್ದಾಗಿತ್ತು ಎಂದು ಅವರು ಆ ದಾವೆಯಲ್ಲಿ ಹೇಳಿದರು. ಸಂದರ್ಶನ ಕಾಟಾಚಾರದ್ದಾಗಿತ್ತು ಎಂಬ ಆರೋಪವನ್ನು ತಂಡ ಅಲ್ಲಗಳೆದಿದೆ. ಲೀಗ್ ಅದಕ್ಕೂ ಮೊದಲೇ, 2020ರಲ್ಲಿ, ಹೊರಗಿನ ಅಭ್ಯರ್ಥಿಗಳ ಕನಿಷ್ಠ ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ಏರಿಸಿತ್ತು.

ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಬರೀ ಒಂದಲ್ಲ. ವಿಶ್ವವಿದ್ಯಾಲಯವೊಂದರ ನೇಮಕಾತಿಗಳಲ್ಲಿ ಅಂತಿಮ ಹಂತಕ್ಕೆ ಬಂದ ಅಭ್ಯರ್ಥಿಗಳನ್ನು ಪರಿಶೀಲಿಸಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಂತಿಮ ಪಟ್ಟಿಯಲ್ಲಿ ಒಬ್ಬಳೇ ಮಹಿಳೆ ಇದ್ದಾಗ ಆಕೆ ಆಯ್ಕೆಯಾಗುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಇಬ್ಬರಿದ್ದಾಗ ಚಿತ್ರವೇ ಬದಲಾಗುತ್ತದೆ. ಅಲ್ಪಸಂಖ್ಯಾತ ಜನಾಂಗದ ಅಭ್ಯರ್ಥಿಗಳ ವಿಷಯದಲ್ಲೂ ಅದೇ ಒಲವು ಕಂಡಿತ್ತು. ಒಬ್ಬರೇ ಇದ್ದಾಗ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಅವರ ಬೇರೆತನ. ಇಬ್ಬರಿದ್ದರೆ, ಅವರಿಬ್ಬರಲ್ಲಿ ಯಾರು ವಾಸಿ ಎಂಬ ಪ್ರಶ್ನೆ ಹುಟ್ಟುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರಿಸಲು ಕೆಲಸದ ಬಗ್ಗೆಯೇ ಮಾತಾಡಬೇಕಾಗುತ್ತದೆ.

ಮೊದಲ ಸಂದರ್ಶನದ ಅವಮಾನದ ನಂತರ ನಾವು ಎರಡು ಷರತ್ತು ಹಾಕಿದೆವು. ಪಟ್ಟಿಯಲ್ಲಿ ಕನಿಷ್ಠ ಇಬ್ಬರಿರಬೇಕು. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ, ಚರ್ಚೆ ಶುರುವಾಗುವ ಮುನ್ನವೇ ಪ್ರತಿಯೊಬ್ಬ ಸದಸ್ಯರೂ ಅಂಕ ಬರೆದು ಕೊಡಬೇಕು. ಸಲಹೆಗಾರರು ಇದನ್ನು ಚೆನ್ನಾಗಿ ನಡೆಸಿಕೊಟ್ಟರು ಎನ್ನಲೇಬೇಕು. ಎರಡನೆಯ ಹುದ್ದೆಯ ಸಂದರ್ಶನದಲ್ಲಿ ಅಂಕಪಟ್ಟಿಗಳನ್ನು ಕೂಡಿಸಿ ನೋಡಿದಾಗ ಮೊದಲ ಸ್ಥಾನದಲ್ಲಿ ಯಾರಿದ್ದರೋ ಅವರನ್ನು ಪ್ಯಾನೆಲ್‌ನ ಯಾರೂ ಊಹಿಸಿರಲಿಲ್ಲ. "ಆದರೂ ಒಮ್ಮೆ ಮಾತಾಡೋಣ" ಎಂದು ಶುರು ಮಾಡಿದ ಸದಸ್ಯರೊಬ್ಬರಿಗೆ, ಅಂಕ ಬದಲಿಸುವುದಾದರೆ ಕಾರಣ ಬರೆಯಬೇಕಾಗುತ್ತದೆ ಎಂದು ಸಲಹೆಗಾರರು ಮೆಲ್ಲಗೆ ನೆನಪಿಸಿ ಖಾಲಿ ಹಾಳೆಯೊಂದನ್ನು ಅವರ ಮುಂದೆ ಸರಿಸಿದರು. ಸದಸ್ಯರು ಪೆನ್ನು ತೆಗೆದರು, ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದರು, ಮತ್ತೆ ಪೆನ್ನಿನ ಮುಚ್ಚಳ ಹಾಕಿದರು. ಆ ಅಭ್ಯರ್ಥಿ ಈಗ ನಮ್ಮ ವಿಭಾಗ ಮುಖ್ಯಸ್ಥರು.

ಅರ್ಜಿಗಳಿಂದ ಹೆಸರು ಅಳಿಸುವ ಸೌಲಭ್ಯವೂ ಪ್ಯಾಕೇಜಿನಲ್ಲಿತ್ತು. ಆರಂಭದ ಹಂತದ ನೇಮಕಾತಿಗೆ ಇದು ಖಂಡಿತ ಬೇಕಾದದ್ದು: ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಸ್ಟನ್ ಮತ್ತು ಶಿಕಾಗೊ ನಗರಗಳ ಉದ್ಯೋಗದಾತರಿಗೆ ಹೆಸರು ಮಾತ್ರ ಬದಲಿಸಿದ ಸುಮಾರು ಐದು ಸಾವಿರ ಅರ್ಜಿಗಳು ಹೋಗಿದ್ದವು, ಬಿಳಿಯರದ್ದೆಂದು ತೋರುವ ಹೆಸರಿಗೆ ಹತ್ತು ಅರ್ಜಿಗೊಂದು ಕರೆ ಬಂದರೆ, ಕಪ್ಪು ಜನಾಂಗದ್ದೆಂದು ತೋರುವ ಹೆಸರಿಗೆ ಹದಿನೈದು ಅರ್ಜಿ ಬೇಕಾಯಿತು. ಆದರೆ ಹಿರಿಯ ಹುದ್ದೆಯಲ್ಲಿ ಹೆಸರು ಮರೆಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇಪ್ಪತ್ತು ವರ್ಷ ಒಂದೇ ಕ್ಷೇತ್ರದಲ್ಲಿದ್ದವರ ಅರ್ಜಿಯ ಮೂರನೆಯ ಸಾಲಿಗೇ ಅವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅರ್ಜಿಗಳನ್ನು ಯಂತ್ರವೇ ಸೋಸುವ ಇನ್ನೊಂದು ಸೌಲಭ್ಯವನ್ನು ನಾವು ಮುಟ್ಟಲಿಲ್ಲ. ಹಿಂದಿನ ನೇಮಕಾತಿಗಳನ್ನು ನೋಡಿ ಕಲಿತ ಅಮೆಜಾನ್‌ನ ಪ್ರಾಯೋಗಿಕ ವ್ಯವಸ್ಥೆಯು ಮಹಿಳೆಯರ ಎಂಬ ಪದವಿದ್ದ ಅರ್ಜಿಗಳನ್ನೇ ಕೆಳಗೆ ತಳ್ಳುತ್ತಿತ್ತೆಂದೂ, ಕಂಪನಿ ಅದನ್ನು ಕೈಬಿಟ್ಟಿತೆಂದೂ 2018ರಲ್ಲಿ ವರದಿಯಾದದ್ದು ನಮಗೆ ನೆನಪಿತ್ತು.

ಕೊನೆಯ ಭಾಗ ಬೆಂಬಲ ಕಾರ್ಯಕ್ರಮ. ಇದರಲ್ಲಿ ಅವರು ಮೆಂಟರ್ ಮತ್ತು ಸ್ಪಾನ್ಸರ್ ಎಂಬ ಎರಡು ಪಾತ್ರಗಳನ್ನು ಬೇರೆ ಮಾಡಿದರು, ಮತ್ತು ಹಾಗೆ ಬೇರೆ ಮಾಡಿದ್ದೇ ಅದರ ಬೆಲೆ. ಮೆಂಟರ್ ನಿಮ್ಮ ಎದುರು ಕುಳಿತು ಬುದ್ಧಿ ಹೇಳುತ್ತಾರೆ. ಸ್ಪಾನ್ಸರ್ ನೀವು ಇಲ್ಲದ ಕೋಣೆಯಲ್ಲಿ ನಿಮ್ಮ ಹೆಸರು ಹೇಳುತ್ತಾರೆ. ಅಲ್ಪಸಂಖ್ಯಾತ ಹಿನ್ನೆಲೆಯ ನಮ್ಮ ಸೀನಿಯರ್ ಮ್ಯಾನೇಜರ್‌ಗಳಿಗೆ ಬುದ್ಧಿ ಹೇಳುವವರಿಗೇನೂ ಕೊರತೆಯಿರಲಿಲ್ಲ. ಒಬ್ಬರಿಗಂತೂ ಮೂವರು ಮೆಂಟರ್‌ಗಳಿದ್ದರು, ಮೂವರೂ ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎನ್ನುತ್ತಿದ್ದರು. ಲಿಫ್ಟಿನ ಮುಂದೆ ಅವರ ಹೆಸರು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಆರು ಜನರಿಗೆ ಆರು ಪಾಲುದಾರರನ್ನು ಗೊತ್ತುಮಾಡಿ, ವರ್ಷದೊಳಗೆ ಒಂದು ದೊಡ್ಡ ಕ್ಲೈಂಟ್‌ನ ಕೆಲಸವನ್ನು ಅವರ ಕೈಗೆ ಬರುವಂತೆ ಮಾಡುವುದು ಸ್ಪಾನ್ಸರ್‌ನ ಹೊಣೆ ಎಂದು ಬರೆಯಲಾಯಿತು. ನಾಲ್ವರಿಗೆ ಅದು ಸಿಕ್ಕಿತು. ಉಳಿದಿಬ್ಬರ ಪೈಕಿ ಒಬ್ಬರ ವಿಷಯದಲ್ಲಿ ಸ್ಪಾನ್ಸರ್ ಏನೂ ಮಾಡಲಿಲ್ಲ. ಇನ್ನೊಬ್ಬರಿಗೆ ಸಿಕ್ಕಿದ್ದು, ಇಬ್ಬರು ಹಿರಿಯರು ಬೇಡವೆಂದು ಬಿಟ್ಟಿದ್ದ, ಬಾಕಿ ಹಣ ಕೊಡದೆ ಜಗಳವಾಡುತ್ತಿದ್ದ ಕ್ಲೈಂಟ್. ಮನೋವಿಜ್ಞಾನಿಗಳಾದ ಮಿಶೆಲ್ ರಯನ್ ಮತ್ತು ಅಲೆಕ್ಸ್ ಹಾಸ್ಲಮ್ ಬ್ರಿಟನ್ನಿನ ಕಂಪನಿಗಳನ್ನು ಅಧ್ಯಯನ ಮಾಡಿ 2005ರಲ್ಲಿ ಇದಕ್ಕೆ ಗಾಜಿನ ಬಂಡೆಯಂಚು ಎಂಬ ಅರ್ಥದ ಹೆಸರಿಟ್ಟಿದ್ದರು: ಕಂಪನಿ ಕುಸಿಯುತ್ತಿರುವ ಹೊತ್ತಿನಲ್ಲೇ ಮಹಿಳೆಯರಿಗೆ ನಾಯಕತ್ವ ಸಿಗುವ ಸಂಭವ ಹೆಚ್ಚು, ಬಿದ್ದರೆ ಬಿದ್ದವರ ಮೇಲೆಯೇ ತಪ್ಪು. ಯಾವ ಬಗೆಯ ಕೆಲಸ ಕೊಡಬೇಕು ಎಂಬುದನ್ನು ಸಲಹೆಗಾರರು ನಿಯಮದಲ್ಲಿ ಬರೆದಿರಲಿಲ್ಲ. ಬರೆಯಬೇಕಿತ್ತು. ಅಂದಹಾಗೆ ಆ ಕ್ಲೈಂಟ್ ಇನ್ನೂ ನಮ್ಮೊಂದಿಗಿದೆ, ಬಾಕಿಯೂ ವಸೂಲಾಯಿತು. ಅದರಿಂದ ಹಂಚಿದವರ ಉದ್ದೇಶವೇನೂ ಶುದ್ಧವಾಗುವುದಿಲ್ಲ.

ಮಾರಾಟದ ಮಾತಿನ ಬಗ್ಗೆ ಒಂದು ತಕರಾರು. ಮೊದಲ ಭೇಟಿಯಲ್ಲಿ ಅವರು ತೋರಿಸಿದ ಸ್ಲೈಡುಗಳಲ್ಲಿ ಅರ್ಧ, ವೈವಿಧ್ಯವಿದ್ದರೆ ಲಾಭ ಹೆಚ್ಚುತ್ತದೆ ಎಂಬುದರ ಸುತ್ತಲೇ ಇದ್ದವು. ಮೆಕಿನ್ಸೆ ಎಂಬ ವ್ಯವಹಾರ ಸಲಹಾ ಸಂಸ್ಥೆ 2015ರಿಂದ ಪ್ರಕಟಿಸುತ್ತ ಬಂದಿರುವ ವರದಿಗಳು ಈ ವಾದಕ್ಕೆ ಮುಖ್ಯ ಆಧಾರ. ಅವೇ ಬಗೆಯ ಲೆಕ್ಕವನ್ನು ಅಮೆರಿಕದ ಸುಮಾರು ಐನೂರು ದೊಡ್ಡ ಕಂಪನಿಗಳಿರುವ ಎಸ್ ಆ್ಯಂಡ್ ಪಿ 500 ಪಟ್ಟಿಯ ಮೇಲೆ ಮತ್ತೆ ಮಾಡಿ ನೋಡಿದ ಜೆರೆಮಿಯಾ ಗ್ರೀನ್ ಮತ್ತು ಜಾನ್ ಹ್ಯಾಂಡ್ ಎಂಬ ಪ್ರಾಧ್ಯಾಪಕರಿಗೆ ಅಂಥ ಸಂಬಂಧ ಕಾಣಲಿಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಲಾಭದ ಆಸೆ ತೋರಿಸಿ ಕೊಟ್ಟ ವೈವಿಧ್ಯವನ್ನು, ಲಾಭ ಬಾರದ ವರ್ಷ ಹಿಂದಕ್ಕೆ ತೆಗೆದುಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಹದಿನಾಲ್ಕು ವರ್ಷ ದುಡಿದ ವ್ಯಕ್ತಿಗೆ ಬಡ್ತಿ ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆಗೆ ಷೇರಿನ ಬೆಲೆಯಲ್ಲಿ ಉತ್ತರ ಹುಡುಕುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ಯಾಕೆ, ಮೇಲಿನ ಹುದ್ದೆಗಳಿಗೆ ಕಾನೂನಿನಿಂದಲೇ ಪ್ರಮಾಣ ನಿಗದಿಪಡಿಸಿದರೆ ಸಾಲದೇ ಎಂದು ನಮ್ಮ ಸಭೆಯಲ್ಲೂ ಕೆಲವರು ಕೇಳಿದರು. ನಾರ್ವೆ 2003ರಲ್ಲಿ ಹಾಗೆಯೇ ಮಾಡಿತು; ದೊಡ್ಡ ಸಾರ್ವಜನಿಕ ಷೇರು ಕಂಪನಿಗಳ ನಿರ್ದೇಶಕ ಮಂಡಳಿಗಳಲ್ಲಿ ಮಹಿಳೆಯರ ಪಾಲು ಶೇ 40ಕ್ಕೆ ಏರಬೇಕೆಂದು ಕಾನೂನು ತಂದು, 2008ರ ಹೊತ್ತಿಗೆ ಅದನ್ನು ಸಾಧಿಸಿತು. ಮಂಡಳಿಗಳು ಬದಲಾದವು. ಆದರೆ ಅದೇ ಕಂಪನಿಗಳ ಕೆಳಗಿನ ಹಂತದ ಮಹಿಳೆಯರಿಗೆ ಅದರಿಂದ ಗಮನಾರ್ಹ ಲಾಭವಾದದ್ದು ಕಾಣಲಿಲ್ಲ ಎಂದು ಬರ್ಟ್ರಾಂಡ್ ಮತ್ತು ಸಂಗಡಿಗರು ನಂತರ ನಡೆಸಿದ ಅಧ್ಯಯನ ಹೇಳಿತು. ನನಗೆ ಇದು ಕಾನೂನಿನ ವಿರುದ್ಧದ ವಾದವಾಗಿ ಕಾಣುವುದಿಲ್ಲ. ಬಾಗಿಲ ಬಳಿ ಮಾಡಿದ ಎಣಿಕೆ ಮೆಟ್ಟಿಲಿಗೆ ತಾನಾಗಿಯೇ ಇಳಿಯುವುದಿಲ್ಲ ಎಂಬುದಷ್ಟೇ ಅದರ ಅರ್ಥ.

ಡ್ಯಾಶ್‌ಬೋರ್ಡ್ ನೋಡಲು ಚೆಂದ. ಹಸಿರು, ಹಳದಿ, ಕೆಂಪು ವೃತ್ತಗಳು ತಿಂಗಳಿಗೊಮ್ಮೆ ಬದಲಾಗುತ್ತವೆ. ಹುದ್ದೆವಾರು ಎಣಿಕೆ ಬಿಟ್ಟರೆ ಅದರಲ್ಲಿ ಬೇರೇನಿಲ್ಲ. ನಾವು ಐದು ವಾರ ಕುಳಿತು ಕಟ್ಟಿದ ಕೆಲಸ ಹಂಚಿಕೆಯ ಪಟ್ಟಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಕೇಳಿದ್ದಕ್ಕೆ, ಅದು ಮುಂದಿನ ಆವೃತ್ತಿಯಲ್ಲಿ ಬರಲಿದೆ ಎಂದರು. ಒಪ್ಪಂದದ ಅವಧಿ ಮುಗಿಯುವವರೆಗೂ ಬರಲಿಲ್ಲ. ಸೇವೆ ನೀಡಿದವರ ನಡವಳಿಕೆಯ ಬಗ್ಗೆ ದೂರಿಲ್ಲ: ಫೋನಿಗೆ ಸಿಗುತ್ತಿದ್ದರು, ಹೇಳಿದ ದಿನಕ್ಕೆ ಬರುತ್ತಿದ್ದರು. ಅವರ ಸ್ವಂತ ಆಡಳಿತ ಮಂಡಳಿಯ ಫೋಟೊವನ್ನು ನೋಡಿದಾಗ ಅದೂ ನಮ್ಮ ಪಾಲುದಾರರ ಸಭೆಯಂತೆಯೇ ಕಂಡಿತು ಎಂಬುದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ. ಪರಿಶೀಲನೆ ನಡೆಸಿದ ಆ ಹಿರಿಯ ವಿಶ್ಲೇಷಕರು ಆ ಫೋಟೊದಲ್ಲಿ ಇರಲಿಲ್ಲ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಆ ಮೂರರಲ್ಲಿ ಎರಡು ಪರಿಶೀಲನೆಗೆ, ಒಂದು ಅಂಕಪಟ್ಟಿಯ ಸಂದರ್ಶನಕ್ಕೆ. ಕೊಳ್ಳುವವರು ಪೂರ್ತಿ ಪ್ಯಾಕೇಜ್ ತೆಗೆದುಕೊಳ್ಳದೆ ಈ ಎರಡನ್ನು ಬಿಡಿಯಾಗಿ ಕೇಳಬಹುದು. ಮೊದಲು ಇಲ್ಲವೆನ್ನುತ್ತಾರೆ, ಎರಡನೆಯ ಸಲ ಕೇಳಿದರೆ ಕೊಡುತ್ತಾರೆ. ನಾವು ಒಪ್ಪಂದವನ್ನು ನವೀಕರಿಸಿದ್ದೂ ಅಷ್ಟಕ್ಕೇ. ಕೆಲಸ ಹಂಚಿಕೆಯ ಪಟ್ಟಿಯನ್ನು ಈಗ ಪ್ರತಿ ತಿಂಗಳು ನಮ್ಮ ಕಚೇರಿಯಲ್ಲೇ ಒಬ್ಬರು ತುಂಬುತ್ತಾರೆ, ಬಡ್ತಿ ಕಡತದ ಮೊದಲ ಪುಟಕ್ಕೆ ಅದರ ಪ್ರತಿ ಲಗತ್ತಾಗಿರುತ್ತದೆ. "ಪಕ್ವವಾಗಬೇಕು" ಎಂದು ನಾನು ಬರೆದಿದ್ದ ಕಡತ ಕಳೆದ ತಿಂಗಳು ಸಮಿತಿಯ ಮುಂದೆ ಮತ್ತೆ ಬಂತು. ಹಳೆಯ ಷರಾದ ಕೆಳಗೆ, ನಾನು ಕಾರಣ ಬರೆಯಲು ಬಿಟ್ಟಿದ್ದ ಜಾಗ ಹಾಗೆಯೇ ಖಾಲಿ ಇತ್ತು.